ಐದು ಕುದುರೆ, ಒಬ್ಬ ಸವಾರೆ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಸವಾರರ ಸೂಚನೆಯಂತೆ ಕುದುರೆ ನಾಜೂಕಾದ ಚಲನೆಗಳನ್ನು ಮಾಡಿ ತೋರಿಸುವ ಡ್ರೆಸ್ಸೇಜ್ ಎಂಬ ಸ್ಪರ್ಧೆಯಲ್ಲಿ ಹೆಜ್ಜೆ ಹಾಕುವುದೆಲ್ಲ ಕುದುರೆಯೇ ಆಗಿರುವಾಗ ಪದಕ ಸವಾರರ ಕೊರಳಿಗೆ ಏಕೆ ಬೀಳಬೇಕು ಎಂದು ಕೇಳಿದ್ದೀಯೆ. ಇದಕ್ಕೆ ಉತ್ತರವಾಗಿ ಜರ್ಮನಿಯ ಡ್ರೆಸ್ಸೇಜ್ ಸವಾರೆ ಇಸಾಬೆಲ್ ವೆರ್ತ್ ಅವರ ಕಥೆಯನ್ನೇ ಹೇಳಬೇಕೆನಿಸುತ್ತದೆ.

ಮೊದಲು ಪಿಯಾಫ್ ಎಂಬ ಒಂದು ಚಲನೆಯನ್ನು ಗಮನವಿಟ್ಟು ನೋಡು. 60 ಮೀಟರ್ ಉದ್ದ, 20 ಮೀಟರ್ ಅಗಲದ ಅಂಕಣದಲ್ಲಿ ಕುದುರೆ ನಿಂತ ಜಾಗ ಬಿಡದೆ, ಒಂದು ಮುಂಗಾಲನ್ನೂ ಅದರ ಎದುರು ಬದಿಯ ಹಿಂಗಾಲನ್ನೂ ಜೊತೆಯಾಗಿ ಎತ್ತಿ ಇಡುತ್ತ ಹೋಗುತ್ತದೆ. ಹಿಂಭಾಗ ತುಸು ತಗ್ಗಿ, ಮೈಭಾರ ಹಿಂಗಾಲುಗಳಿಗೆ ಸರಿಯುತ್ತದೆ. ಆಗ ಅದರ ಕಿವಿ ಆಗಾಗ ಹಿಂದಕ್ಕೆ, ಸವಾರರತ್ತ, ತಿರುಗುತ್ತದೆ. ದನಿಯೆತ್ತಿ ಕುದುರೆಗೆ ಹೇಳಿಕೊಡುವುದಕ್ಕೆ ನಿಯಮದಲ್ಲಿ ಅವಕಾಶವಿಲ್ಲ. ಸೊಂಟದ ಬಿಗಿ, ಮೀನಖಂಡದ ಒತ್ತು, ಲಗಾಮು ಹಿಡಿದ ಬೆರಳುಗಳ ಸಡಿಲಿಕೆ, ಇವಷ್ಟೇ ಅವರಿಬ್ಬರ ನಡುವಿನ ಭಾಷೆ. ತೀರ್ಪುಗಾರರು ಪ್ರತಿ ಚಲನೆಗೂ ಸೊನ್ನೆಯಿಂದ 10ರವರೆಗೆ ಅಂಕ ಕೊಡುತ್ತಾರೆ.

ಸವಾರರು ಈ ಭಾಷೆಯನ್ನು ಪ್ರತಿ ಕುದುರೆಗೂ ಹೊಸದಾಗಿ ಕಲಿಸಬೇಕು, ತಾವೂ ಹೊಸದಾಗಿ ಕಲಿಯಬೇಕು. ಕಾನೂನು ಓದಿ ವಕೀಲಿಕೆಯನ್ನೂ ಮಾಡಿದ ವೆರ್ತ್, 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಿಂದ 2000ದ ಸಿಡ್ನಿಯವರೆಗೆ ಜಿಗೊಲೊ ಎಂಬ ಒಂದೇ ಕುದುರೆಯೊಂದಿಗೆ 4 ಚಿನ್ನ, 2 ಬೆಳ್ಳಿ ಗೆದ್ದರು. ಆ ಕುದುರೆ ನಿವೃತ್ತವಾದ ಮೇಲೆ 2004ರ ಒಲಿಂಪಿಕ್ಸ್‌ನಲ್ಲಿ ಅವರು ಇರಲೇ ಇಲ್ಲ. 2008ರಲ್ಲಿ ಸ್ಯಾಚ್ಮೊ ಎಂಬ ಕುದುರೆಯ ಜೊತೆ ಮರಳಿದರು. 2009ರಲ್ಲಿ ಅವರ ಇನ್ನೊಂದು ಕುದುರೆಯ ಪರೀಕ್ಷೆಯಲ್ಲಿ ನಿಷೇಧಿತ ಔಷಧ ಕಂಡುಬಂದು ಆರು ತಿಂಗಳ ಅಮಾನತು ಅನುಭವಿಸಿದರು. ಅವರ ಮೇಲಿನ ಗೌರವದಿಂದ ಈ ಮಾತನ್ನು ಮುಚ್ಚಿಡುವುದು ನನಗೆ ಸರಿಯೆನಿಸದು.

ನನ್ನ ಮನಸ್ಸಿಗೆ ಅತಿ ಹತ್ತಿರವಾದದ್ದು ಬೆಲ್ಲಾ ರೋಸ್ ಎಂಬ ಹೆಣ್ಣು ಕುದುರೆಯ ಪ್ರಸಂಗ. 2014ರಲ್ಲಿ ಫ್ರಾನ್ಸಿನ ಕಾನ್ (Caen) ನಗರದಲ್ಲಿ ನಡೆದ ವಿಶ್ವ ಕುದುರೆ ಸವಾರಿ ಕ್ರೀಡಾಕೂಟದಲ್ಲಿ ತಂಡಕ್ಕೆ ಚಿನ್ನ ತಂದುಕೊಟ್ಟ ಬೆನ್ನಿಗೇ ಅದು ನೋವಿಗೆ ಸಿಕ್ಕಿತು, ಉಳಿದ ಸ್ಪರ್ಧೆಗಳಿಂದ ಅದನ್ನು ಹಿಂದೆ ಪಡೆಯಬೇಕಾಯಿತು. ಮತ್ತೆ ಸ್ಪರ್ಧೆಗಿಳಿಯಲು ಸುಮಾರು ನಾಲ್ಕು ವರ್ಷ ಹಿಡಿಯಿತು. ಅಷ್ಟು ಕಾಲ ಒಂದು ಕುದುರೆಯ ಮೇಲೆ ನಂಬಿಕೆ ಕಳೆದುಕೊಳ್ಳದೆ, ಅದನ್ನು ಅವಸರಪಡಿಸದೆ ಕಾಯುವುದು ನಾನು ಕಂಡ ಯಾವ ಪಿಯಾಫ್‌ಗಿಂತಲೂ ಕಠಿಣವಾದ ಕೆಲಸ. 2018ರಲ್ಲಿ ಅಮೆರಿಕದ ಟ್ರಯಾನ್‌ನಲ್ಲಿ ನಡೆದ ಅದೇ ವಿಶ್ವಕೂಟದಲ್ಲಿ ಆ ಜೋಡಿ ತಂಡದ ಚಿನ್ನವನ್ನೂ ವೈಯಕ್ತಿಕ ಚಿನ್ನವನ್ನೂ ಗೆದ್ದಿತು.

ಒಲಿಂಪಿಕ್ಸ್‌ನಲ್ಲಿ ಅವರದು ಒಟ್ಟು 14 ಪದಕ, ಅದರಲ್ಲಿ 8 ಚಿನ್ನ. ಆದರೆ ವೈಯಕ್ತಿಕ ಚಿನ್ನ 1996ರ ಒಂದೇ ಒಂದು. ವೈಯಕ್ತಿಕ ಬೆಳ್ಳಿ ಮಾತ್ರ ಆರು, ಜಿಗೊಲೊ, ಸ್ಯಾಚ್ಮೊ, ವೈಹೆಗೋಲ್ಡ್, ಬೆಲ್ಲಾ ರೋಸ್, ವೆಂಡಿ ಎಂಬ ಐದು ಕುದುರೆಗಳೊಂದಿಗೆ. ಕುದುರೆಯೊಂದರಿಂದಲೇ ಎಲ್ಲವೂ ಆಗುವುದಾಗಿದ್ದರೆ ಐದೂ ಕುದುರೆಗಳೊಂದಿಗೆ ಅದೇ ಸವಾರೆ ವೇದಿಕೆಯಲ್ಲಿ ಏಕೆ ನಿಂತಿರುತ್ತಿದ್ದರು, ನೀನೇ ಹೇಳು.

ವೆಂಡಿ ಅವರ ಕೈಗೆ ಬಂದದ್ದು 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಕೆಲವೇ ತಿಂಗಳ ಮುಂಚೆ. ಆ ಪ್ರದರ್ಶನವನ್ನು ಬಿಡುವಾದಾಗ ಒಮ್ಮೆ ನೋಡು. ಕಾಲುಗಳನ್ನು ಬಿಟ್ಟು ವೆಂಡಿಯ ಕಿವಿಗಳನ್ನೂ ವೆರ್ತ್ ಅವರ ಬೆರಳುಗಳನ್ನೂ ಗಮನಿಸು, ನಿನಗೇನು ಕಂಡಿತೆಂದು ನನಗೆ ಬರೆ.

ಇಂತು ನಿನ್ನ ಗೆಳೆಯ