ಮಗಳಿಗೊಂದು ಪತ್ರ: ಕಸಬರಗಿ ಎಲ್ಲಿ ತೂಗ್ತದ

ನನ್ನವ್ವ,

ನಿನ್ನೆ ಫೋನ್‌ನಾಗ ಕೇಳಿದೆಲ್ಲ, ಪೇಪರ್‌ನಾಗ ಅಧಿಕಾರದ ಗುರುತ್ವ ಕೇಂದ್ರ ಸರದದ ಅಂತ ಬರೀತಾರ, ಬರೇ ಕೇಂದ್ರ ಅಂದ್ರ ಸಾಕಾಗಲ್ಲೇನು ಅಂತ. ಆಗ ಹಂಚಿನ ಮ್ಯಾಲ ರೊಟ್ಟಿ ಇತ್ತು, ಅರ್ಧಕ್ಕೇ ಫೋನ್ ಇಟ್ಟೆ, ಆದ್ರ ಆ ಮಾತು ತಲ್ಯಾಗೇ ಕುಂತದ ನೋಡು.

ಹಾಸ್ಟೆಲ್‌ನಾಗ ಉದ್ದ ಹಿಡಿಕಿ ಕಸಬರಗಿ ಇದ್ರ ತಗೋ. ಎರಡೂ ಕೈಯಿಂದು ಒಂದೊಂದು ಬಟ್ಟಿನ ಮ್ಯಾಲ ಅಡ್ಡ ಇಟ್ಕೊಂಡು ಬಟ್ಟು ನಿಧಾನ ಹತ್ರ ತಾ. ಒಮ್ಮೆ ಈ ಬಟ್ಟು ಜಾರ್ತದ, ಒಮ್ಮೆ ಆ ಬಟ್ಟು, ಯಾವುದರ ಮ್ಯಾಲ ಭಾರ ಕಮ್ಮಿ ಅದನೋ ಅಲ್ಲಿ ತಿಕ್ಕಾಟ ಕಮ್ಮಿ, ಅದೇ ಮೊದ್ಲು ಸರೀತದ, ಕಡೀಕ ಎರಡೂ ಕೂಡ್ತಾವಲ್ಲ, ಆ ಜಾಗದ ಮ್ಯಾಲೇ ಗುರುತ್ವ ಕೇಂದ್ರ. ಇಡೀ ಕಸಬರಗಿ ಭಾರ ಅದೊಂದೇ ಬಿಂದುದಾಗ ಅದ ಅಂತ ತಿಳಕೊಂಡ್ರ ಲೆಕ್ಕ ತಪ್ಪಲ್ಲ. ಅದು ಉದ್ದದ ನಟ್ಟನಡುವ ಇರಲ್ಲ, ಕಡ್ಡಿ ಕಡಿ ಇರ್ತದ. ನಾ ಕ್ಲಾಸ್‌ನಾಗ ಇಷ್ಟು ಮಾಡಿಸಿ ಕೇಳ್ತೀನಿ, ಅಲ್ಲೇ ಕತ್ತರಿಸಿದ್ರ ಎರಡೂ ತುಂಡು ಸಮ ತೂಗ್ತಾವೇನು ಅಂತ, ಎಲ್ಲಾ ಹುಡುಗುರೂ ಹೂಂ ಅಂತಾವ. ತೂಗಲ್ಲ. ತಕ್ಕಡಿಗಿ ಹಾಕಿದ್ರ ಕಡ್ಡಿ ತುಂಡೇ ಜಾಸ್ತಿ ಬರ್ತದ. ಹಿಡಿಕಿ ಹಗುರ ಇದ್ರೂ ದೂರತನ ಚಾಚಿರ್ತದಲ್ಲ, ಆ ದೂರದಿಂದಾನೇ ಅದು ಭಾರದ್ದಕ್ಕ ಸರಿ ನಿಲ್ತದ.

ಈಗ ನಿನ್ನ ಪೇಪರಿನ ಮಾತಿಗಿ ಬರೋಣು. ಜರ್ಮನಿಯ ಸೇನಾಧಿಕಾರಿ ಕ್ಲಾಸ್‌ವಿಟ್ಜ್ 19ನೇ ಶತಮಾನದಾಗೇ ಇದನ್ನ ಯುದ್ಧಕ್ಕ ಹಚ್ಚಿ ಬರದಾನ, ವೈರಿ ಬಲ ಎಲ್ಲಾ ಯಾವುದಕ್ಕ ಆತ್ಕೊಂಡು ನಿಂತದೋ ಅಲ್ಲಿಗೇ ಹೊಡೀಬೇಕಂತ. ಅಷ್ಟು ದೂರ ಯಾಕ, ನಮ್ಮೂರೇ ನೋಡು. 1347ರಾಗ ಬಹಮನಿ ರಾಜ್ಯ ಹುಟ್ಟಿ ಕಲಬುರಗಿ ರಾಜಧಾನಿ ಆಯ್ತು, ಮುಂದ ಅಹ್ಮದ್ ಶಾ ಬೀದರಿಗಿ ಒಯ್ದ. ಕಿಲ್ಲಾ ಇಲ್ಲೇ ಅದ, ಅದರೊಳಗ 1367ರ ಜಾಮಿ ಮಸೀದಿ ಇಲ್ಲೇ ಅದ, ಒಂದು ಕಲ್ಲೂ ಸರೀಲಿಲ್ಲ, ಸರದಿದ್ದು ಭಾರ. ಬರೇ ಕೇಂದ್ರ ಅಂದ್ರ ಇದು ಹೇಳ್ದಂಗ ಆಗಲ್ಲ, ಅದು ನಕ್ಷಾದಾಗಿನ ನಡು ಅಷ್ಟೇ.

ಮೊದ್ಲು ನಮ್ಮ ಮನಿದು ಗುರುತ್ವ ಕೇಂದ್ರ ಅಡಗಿಮನಿ ಹೊಸ್ತಿಲದಾಗ ಇತ್ತು ಅನಸ್ತದ ನನಗ, ನೀ ಅಲ್ಲೇ ಕುಂತು ಓದ್ತಿದ್ದಿ. ಈಗ ಮಳಿ ಸುದ್ದಿ ಬಂತಂದ್ರ ನಿಮ್ಮಪ್ಪ ನೀ ಇರೋ ಬೆಂಗಳೂರಿಂದು ಮೊದ್ಲು ನೋಡ್ತಾರ, ತೊಗರಿ ಹೂವಿಗಿ ಬಂದದ, ಹೊಲ ಇಲ್ಲೇ ಅದ, ಆದ್ರೂ.

ದೀಪಾವಳಿಗಿ ಟಿಕೆಟ್ ತಗದೀ ಏನು? ರಾತ್ರಿ ಉಂಡ ಮ್ಯಾಲ ಫೋನ್ ಮಾಡು.

ನಿನ್ನವ್ವ