ಮಕ್ಕಳು ಹಳ್ಳದ ಕಲ್ಲು ಎತ್ತಿ ನೋಡಲಿ

ಮಾನ್ಯ ಸಂಪಾದಕರೇ,

ಮಾರ್ಚ್ 22ರ ವಿಶ್ವ ಜಲ ದಿನಕ್ಕೆ ನಮ್ಮ ಕಡೆಯ ಒಂದು ಶಾಲೆಯವರು ಮಕ್ಕಳನ್ನು ಹಳ್ಳದ ಹತ್ತಿರಕ್ಕೇ ಕರೆದುಕೊಂಡು ಬಂದಿದ್ದರು. ಜಾಥಾ, ಚಿತ್ರಕಲಾ ಸ್ಪರ್ಧೆಗಿಂತ ಇದು ಎಷ್ಟೋ ಒಳ್ಳೆಯದು ಅಂತ ಖುಷಿಯಾಯಿತು. ಆದರೆ ಮೋರಿ ಮೇಲೆ ನಿಂತು ಬಕೆಟ್ಟಿನಲ್ಲಿ ನೀರು ಸೇದಿದರು, ಬಣ್ಣದ ಪಟ್ಟಿ ಅದ್ದಿದರು, ಪಿಎಚ್ 7, ಅಂದರೆ ಹುಳಿಯೂ ಅಲ್ಲ ಕ್ಷಾರವೂ ಅಲ್ಲ ಅಂತ ಬರೆದುಕೊಂಡರು, ‘ನೀರು ಶುದ್ಧವಾಗಿದೆ’ ಅಂತ ಹೇಳಿ ಹೊರಟರು. ಒಂದು ಮಗುವೂ ನೀರಿಗೆ ಇಳಿಯಲಿಲ್ಲ.

ನಾನು ಮೂಡಿಗೆರೆ ತಾಲ್ಲೂಕಿನ ಸಣ್ಣ ಕಾಫಿ ಬೆಳೆಗಾರ್ತಿ. ಬಿಎಸ್ಸಿಯಲ್ಲಿ ಪ್ರಾಣಿಶಾಸ್ತ್ರ ಓದಿದವಳು. ಆ ಮೋರಿಯಿಂದ ಸ್ವಲ್ಪ ಮೇಲೆ ಪಲ್ಪರ್ ನೀರು, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿದು (ಪಲ್ಪಿಂಗ್) ಬೀಜ ತೊಳೆದ ನೀರು, ಬಂದು ಹಳ್ಳಕ್ಕೆ ಸೇರುವ ಜಾಗ ಇದೆ ಅಂತ ನನಗೆ ಗೊತ್ತು. ಮಾರ್ಚ್ ಕೊನೆಗೆ ಪಲ್ಪಿಂಗ್ ಮುಗಿದು ಬಹಳ ದಿನವಾಗಿತ್ತು. ಆ ಪಟ್ಟಿ ಹೇಳಿದ್ದು ಸುಳ್ಳಲ್ಲ. ಆದರೆ ಅದಕ್ಕೆ ಗೊತ್ತಿರುವುದು ಆ ಹೊತ್ತಿನ ನೀರು ಮಾತ್ರ. ಜನವರಿಯಲ್ಲಿ ಏನಾಗಿತ್ತು ಅಂತ ಕೇಳಬೇಕಾದರೆ ಹಳ್ಳದಲ್ಲೇ ಸಂಸಾರ ಮಾಡುವ ಹುಳುಗಳನ್ನು ಕೇಳಬೇಕು. ನಮ್ಮ ಮಕ್ಕಳಿಗೆ ಮೊದಲು ಕಲಿಸಬೇಕಾದದ್ದು ಅದನ್ನೇ ಅಂತ ಈ ಪತ್ರ.

ಸಲಕರಣೆ ಜಾಸ್ತಿ ಏನೂ ಬೇಡ. ಒಂದು ಬಿಳಿ ತಟ್ಟೆ, ಟೀ ಸೋಸುವ ಜಾಲರಿ, ಮೆತ್ತನೆಯ ಬಣ್ಣದ ಬ್ರಷ್, ಒಂದು ಭೂತಗನ್ನಡಿ ಇದ್ದರೆ ಸಾಕು. ಮೊಣಕಾಲಿಗಿಂತ ಕಡಿಮೆ ನೀರಿರುವ, ಕಲ್ಲಿನ ಮೇಲೆ ಜುಳುಜುಳು ಹರಿಯುವ ಕಡೆ ಇಳಿಯಬೇಕು. ಅಂಗೈ ಅಗಲದ ಕಲ್ಲನ್ನು ಮೆಲ್ಲಗೆ ಎತ್ತಿ ತಿರುಗಿಸಿ ನೋಡಬೇಕು. ಒಳ್ಳೆಯ ಹಳ್ಳವಾದರೆ ಕಲ್ಲಿಗೆ ಅಪ್ಪಿ ಹಿಡಿದ ಚಪ್ಪಟೆ ಮರಿಯೊಂದು ಸರಸರ ಅಂತ ಅಂಚಿನ ಕಡೆ ಓಡುತ್ತದೆ. ಹಿಂದೆ ಕೂದಲಿನಂತೆ ತೆಳ್ಳಗಿನ ಬಾಲ, ಸಾಮಾನ್ಯವಾಗಿ ಮೂರು. ಅದನ್ನು ಬ್ರಷ್‌ನಲ್ಲಿ ತಟ್ಟೆಯ ನೀರಿಗೆ ಇಳಿಸಿ ಭೂತಗನ್ನಡಿ ಹಿಡಿದರೆ ಹೊಟ್ಟೆಯ ಎರಡೂ ಪಕ್ಕ ಪುಟ್ಟ ಎಲೆಗಳಂಥ ಕಿವಿರುಗಳು ಪಟಪಟ ಆಡುವುದು ಕಾಣುತ್ತದೆ. ಇದು ಮೇಫ್ಲೈ ಮರಿ. ನೀರಿನಲ್ಲಿ ಕರಗಿರುವ ಆಮ್ಲಜನಕವೇ ಇದರ ಉಸಿರು. ಅದು ಕಡಿಮೆಯಾದರೆ ಮೊದಲು ಕಾಣೆಯಾಗುವವರಲ್ಲಿ ಇದೂ ಒಂದು. ಪಕ್ಕದ ಕಲ್ಲಿನಲ್ಲಿ ಮರಳಿನ ಕಣಗಳನ್ನು ರೇಷ್ಮೆ ನೂಲಿನಿಂದ ಅಂಟಿಸಿ ಮಾಡಿದ ಕೊಳವೆ ಸಿಗಬಹುದು. ಸುಮ್ನೆ ಕಸ ಅಂತ ಎಸೆಯಬೇಡಿ. ಸ್ವಲ್ಪ ಕಾದರೆ ಅದರೊಳಗಿಂದ ತಲೆ, ಕಾಲು ಹೊರಗೆ ಬರುತ್ತದೆ. ಅದು ಕ್ಯಾಡಿಸ್‌ಫ್ಲೈ ಮರಿಯ ಮನೆ.

ಈಗ ಪಲ್ಪರ್ ನೀರು ಸೇರುವ ಜಾಗದ ಕೆಳಗೆ ಹೋಗಿ. ಕಾಫಿ ಬೀಜದ ಲೋಳೆಯಲ್ಲಿ ಸಕ್ಕರೆ ಇರುತ್ತದೆ. ಆ ನೀರನ್ನು ಹಾಗೇ ಬಿಟ್ಟರೆ ಬ್ಯಾಕ್ಟೀರಿಯಾ ಸಕ್ಕರೆ ತಿನ್ನುತ್ತಾ ಹಳ್ಳದ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತದೆ. ಹುಳಿ ಬೇರೆ ಏರುತ್ತದೆ. ಅಲ್ಲಿಯ ಕಪ್ಪು ಕೆಸರನ್ನು ಜಾಲರಿಯಲ್ಲಿ ತೊಳೆದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಸಿಗುವುದು ದಾರದಂಥ ಕೆಂಪು ಹುಳು. ಅದರ ಮೈಯಲ್ಲಿ ನಮ್ಮ ರಕ್ತದಲ್ಲಿರುವ ಹಾಗೆ ಹಿಮೋಗ್ಲೋಬಿನ್ ಇದೆ, ಅದಕ್ಕೇ ಉಸಿರು ಕಡಿಮೆ ಇದ್ದರೂ ಬದುಕುತ್ತದೆ. ಮೇಲೆ ಮೇಫ್ಲೈ ಇದ್ದು ಕೆಳಗೆ ಬರೀ ಕೆಂಪು ಹುಳು ಇದ್ದರೆ ನಡುವೆ ಏನೋ ಆಗಿದೆ ಅಂತ ಏಳನೇ ಕ್ಲಾಸಿನ ಮಗುವಿಗೂ ಅರ್ಥವಾಗುತ್ತದೆ ಅಲ್ವಾ? ಅದಕ್ಕೇ ಒಂದು ಜಾಗ ನೋಡಿ ತೀರ್ಪು ಕೊಡಬಾರದು. ಮೇಲೊಂದು, ಕೆಳಗೊಂದು ನೋಡಲೇಬೇಕು.

ಕಲಿಸುವಾಗ ಎರಡು ಮೂರು ಎಚ್ಚರ ಬೇಕು. ನೀರಿನ ಮೇಲೆ ಜಾರುತ್ತಾ ಓಡಾಡುವ ಹುಳುಗಳನ್ನು ಕಂಡು ನೀರು ಚೆನ್ನಾಗಿದೆ ಅನ್ನಬಾರದು. ಅವು ಉಸಿರಾಡುವುದು ಗಾಳಿಯನ್ನು. ಬ್ರಿಟನ್‌ನವರು ಕೊಳೆ ತಡೆದುಕೊಳ್ಳುವ ಶಕ್ತಿ ನೋಡಿ ಹುಳುಗಳ ಒಂದೊಂದು ಕುಟುಂಬಕ್ಕೂ 1ರಿಂದ 10ರವರೆಗೆ ಅಂಕ ಕೊಡುವ ಪದ್ಧತಿ ಮಾಡಿದ್ದಾರೆ. ಅವರ ಅಂಕಗಳನ್ನು ಹಾಗೇ ಮಲೆನಾಡಿನ ಹಳ್ಳಕ್ಕೆ ಹಚ್ಚುವುದು ನನಗೆ ಸರಿ ಕಾಣುವುದಿಲ್ಲ. ಮೇಫ್ಲೈಗಳಲ್ಲೇ ಸ್ವಲ್ಪ ಕೊಳೆ ತಡೆದುಕೊಳ್ಳುವ ಜಾತಿಗಳಿವೆ. ಶಾಲೆಗೆ ಮೂರು ಗುಂಪು ಸಾಕು: ಕೊಳೆ ತಡೆದುಕೊಳ್ಳದವು; ಅಷ್ಟಿಷ್ಟು ತಡೆದುಕೊಳ್ಳುವ ಏಡಿ, ಏರೋಪ್ಲೇನ್ ಚಿಟ್ಟೆಯ ಮರಿ; ಎಲ್ಲ ತಡೆದುಕೊಳ್ಳುವ ಕೆಂಪು ಹುಳು, ಜಿಗಣೆ. ಇನ್ನೊಂದು ಮಾತು ಬಹಳ ಮುಖ್ಯ. ಹುಳುಗಳು ಚೆನ್ನಾಗಿವೆ ಅಂದರೆ ಕುಡಿಯಬಹುದು ಅಂತಲ್ಲ. ಕಾಯಿಲೆ ತರುವ ಬ್ಯಾಕ್ಟೀರಿಯಾ ಯಾವ ಭೂತಗನ್ನಡಿಗೂ ಕಾಣುವುದಿಲ್ಲ. ಇಲಿ ಜ್ವರದ ಭಯವೂ ಇರುವುದರಿಂದ ಗಾಯ ಇರುವ ಮಕ್ಕಳು ದಡದಲ್ಲೇ ಕೂತು ಲೆಕ್ಕ ಬರೆಯಲಿ. ಕೊನೆಗೆ ಎಲ್ಲರೂ ಸೋಪು ಹಾಕಿ ಕೈ ತೊಳೆಯಲಿ. ಎತ್ತಿದ ಕಲ್ಲನ್ನು ಇದ್ದ ಹಾಗೇ ಮಗುಚಿ ಇಡುವುದನ್ನೂ ಕಲಿಸಿ.

ನೀರು ನೋಡಿದ ಮೇಲೆ ತಲೆ ಎತ್ತಿ ದಡ ನೋಡಲಿ. ನೆರಳಿನ ಸಣ್ಣ ಹಳ್ಳದಲ್ಲಿ ಹುಳುಗಳ ಊಟದ ದೊಡ್ಡ ಪಾಲು ಬರುವುದು ಮರದಿಂದ ಬೀಳುವ ಎಲೆಯಿಂದ. ಹೊಳೆಸಾಲಿನ ಮರ, ವಾಟೆ (ಬಿದಿರಿನ ಜಾತಿಯ ಗಿಡ) ಕಡಿದರೆ ಊಟವೂ ಹೋಯಿತು, ನೆರಳೂ ಹೋಯಿತು. ನೀರು ಬಿಸಿಯಾದಷ್ಟೂ ಆಮ್ಲಜನಕ ಕಡಿಮೆ ಹಿಡಿಯುತ್ತದೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುವ ನೀರು 30 ಡಿಗ್ರಿಗೆ ಹೋದರೆ ಏಳೂವರೆಗೆ ಇಳಿಯುತ್ತದೆ. ಒಂದು ಥರ್ಮಾಮೀಟರ್ ಕೊಟ್ಟು ನೆರಳಲ್ಲೊಮ್ಮೆ, ಬಿಸಿಲಲ್ಲೊಮ್ಮೆ ಅಳೆಯಲು ಹೇಳಿದರೆ ಮಕ್ಕಳೇ ಕಂಡುಕೊಳ್ಳುತ್ತಾರೆ.

ನಮ್ಮ ಬೆಳೆಗಾರ ಬಂಧುಗಳಿಗೂ ಒಂದು ಮಾತು. ಮಕ್ಕಳು ಬಂದು ನೋಡಿದರೆ ತೋಟದ ಹೆಸರು ಹೊರಗೆ ಬೀಳುತ್ತದೆ ಅಂತ ಕೆಲವರು ಗೇಟು ತೆಗೆಯುವುದಿಲ್ಲ. ಪಲ್ಪರ್ ನೀರನ್ನು ಗುಂಡಿಯಲ್ಲಿ ನಿಲ್ಲಿಸಿ ಸಂಸ್ಕರಿಸುವವರಿಗೆ ಯಾವ ಭಯವೂ ಬೇಕಿಲ್ಲ. ಬೋರ್ಡೋ (ಮೈಲುತುತ್ತ, ಸುಣ್ಣ ಸೇರಿಸಿ ಮಾಡುವ ರೋಗದ ಔಷಧಿ) ಸಿಂಪಡಿಸಿದ ಡ್ರಮ್ಮನ್ನು ಹಳ್ಳದಲ್ಲಿ ತೊಳೆಯುವುದನ್ನಂತೂ ನಿಲ್ಲಿಸೋಣ. ಅದರ ತಾಮ್ರ ನೀರಿನ ಹುಳುಗಳಿಗೆ ವಿಷ. ನಮ್ಮ ತಾಲ್ಲೂಕಿನ ಜಾವಳಿ ಹತ್ತಿರ ಹುಟ್ಟುವ ಹೇಮಾವತಿ ಸಕಲೇಶಪುರ ದಾಟಿ ಗೊರೂರು ಅಣೆಕಟ್ಟು ಸೇರುತ್ತಾಳೆ. ಅಲ್ಲಿಂದ ನಾಲೆಯಲ್ಲಿ ತುಮಕೂರಿನವರೆಗೂ ಹೋಗುತ್ತಾಳೆ. ಅಷ್ಟು ಜನ ಬಳಸುವ ನೀರು ನಮ್ಮ ತೋಟಗಳ ನಡುವಿನ ಇಂಥ ಹಳ್ಳಗಳಿಂದಲೇ ಕೂಡುವುದು.

ಪರಿಸರವನ್ನು ಕಡ್ಡಾಯ ಪಾಠವಾಗಿ ಕಲಿಸಬೇಕು ಅಂತ ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಪಾಠ ಪುಸ್ತಕದಲ್ಲಿದೆ, ಶಾಲೆಗಳಲ್ಲಿ ಇಕೋ ಕ್ಲಬ್ಬುಗಳೂ ಇವೆ. ಶಿಕ್ಷಣ ಇಲಾಖೆಯವರಲ್ಲಿ ನನ್ನ ಕೋರಿಕೆ ಇಷ್ಟೇ: ಹಳ್ಳ ಹತ್ತಿರ ಇರುವ ಪ್ರತಿ ಶಾಲೆಯೂ ಒಂದು ರಿಜಿಸ್ಟರ್ ಇಡಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾರೂ ಹಳ್ಳಕ್ಕೆ ಇಳಿಯುವುದು ಬೇಡ, ನಮ್ಮ ಮಳೆ ಗೊತ್ತಲ್ಲ. ಮಳೆ ನಿಂತ ಮೇಲೆ ನವೆಂಬರ್‌ನಲ್ಲಿ ಒಂದು ಸಲ, ಪಲ್ಪಿಂಗ್ ಜೋರಾಗಿರುವ ಜನವರಿಯಲ್ಲಿ ಒಂದು ಸಲ, ಮಾರ್ಚ್‌ನಲ್ಲಿ ಇನ್ನೊಂದು ಸಲ, ಅದೇ ಎರಡು ಜಾಗ ನೋಡಿ ಬರೆಯಲಿ. ಮುಂದಿನ ವರ್ಷದ ಮಕ್ಕಳು ಅದೇ ಪುಸ್ತಕದಲ್ಲಿ ಮುಂದುವರಿಸಲಿ. ಹುಳು ಗುರುತಿಸುವುದನ್ನು ವಿಜ್ಞಾನ ಶಿಕ್ಷಕರಿಗೆ ಒಂದು ದಿನ ಹಳ್ಳದಲ್ಲೇ ನಿಲ್ಲಿಸಿ ಕಲಿಸಿಕೊಡಿ, ಸಭಾಂಗಣದಲ್ಲಿ ಬೇಡ. ಜಾಗ ಬೇಕಾದರೆ ನಮ್ಮ ತೋಟದ ಹಳ್ಳ ಇದೆ. ಮಧ್ಯಾಹ್ನದ ಊಟ ನಮ್ಮ ಮನೆಯಲ್ಲೇ ಆಗಲಿ.

ಇಂತಿ,
ಒಬ್ಬ ಕಾಫಿ ಬೆಳೆಗಾರ್ತಿ,
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ