ಸಂಜೆ ಏಳೂವರೆಗೆ ಏನು ಕುಡಿಯೋದು?

ಮಾರಾಯ,

ಕುಡಿತ ಬಿಟ್ಟಿದ್ದೇನೆ ಅಂತ ಬರೆದಿದ್ದೆಯಲ್ಲ, ಓದಿ ಖುಷಿಯಾಯ್ತು. ಜೊತೆಗೇ "ಇನ್ನು ಸಂಜೆ ಏನು ಕುಡೀಲಿ, ತಲೆ ಕೆಟ್ಟುಹೋಗಿದೆ" ಅಂತ ಬೇರೆ ಕೇಳಿದ್ದೀಯ. ಈ ಪ್ರಶ್ನೆ ನಿನ್ನೊಬ್ಬನದಲ್ಲ, ಹಾಗಾಗಿ ನಿನ್ನ ಒಪ್ಪಿಗೆ ತಗೊಂಡೇ ಉತ್ತರ ಇಲ್ಲಿ ಹಾಕ್ತಿದ್ದೇನೆ.

ಮೊದಲು ತಮಾಷೆ ಅಲ್ಲದ ಮಾತು. ದಿನಾ ಜಾಸ್ತಿ ಕುಡೀತಿದ್ದವರು ಒಮ್ಮೆಗೇ ಬಿಟ್ಟರೆ ಕೈನಡುಕ, ಬೆವರು, ನಿದ್ದೆಗೇಡು ಶುರುವಾಗಬಹುದು. ಕೆಲವರಿಗೆ ಫಿಟ್ಸ್ ಕೂಡ ಬರುತ್ತೆ. ಅಂಥವರು ಪಾನಕ ಕಷಾಯ ಅಂತ ಮನೇಲಿ ಕೂರಬಾರದು, ಡಾಕ್ಟರ ಹತ್ರ ಹೋಗಬೇಕು. ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗ ಇದೆ. ನೀನು ವಾರಾಂತ್ಯದ ಗಿರಾಕಿ, ಆದರೂ ಹೇಳಿಟ್ಟಿದ್ದೇನೆ.

ನೀನು ಬಿಯರಿನ ಜಾಗಕ್ಕೆ ಕೋಲಾ ತಂದು ಕೂರಿಸಿದ್ದೀಯ, ಅಲ್ಲೇ ಎಡವಟ್ಟಾಗಿದ್ದು. ಒಂದು ಗ್ಲಾಸ್ ಮುಗಿಯೋದ್ರೊಳಗೆ ಬಾಯೆಲ್ಲ ಅಂಟಂಟು. ಕುಡಿದು ರೂಢಿಯಾದ ನಾಲಿಗೆಗೆ ಹುಳಿ, ಉಪ್ಪು, ಖಾರ, ಒಂಚೂರು ಒಗರು ಬೇಕು. ಗುಟುಕು ಗುಟುಕಾಗಿ ಅರ್ಧ ಗಂಟೆ ಎಳೆಯೋ ಹಾಗಿರಬೇಕು. ಅದಕ್ಕೆ ಬಾರಿಗಿಂತ ನಮ್ಮ ಶಿರಸಿ ಕಡೆ ಅಡುಗೆಮನೆಯೇ ವಾಸಿ.

ಅಪ್ಪೆಹುಳಿ ಮಾಡ್ಕೋ. ಹುಳಿ ಮಾವಿನಕಾಯಿ ಬೇಯಿಸಿ, ತಣಿದ ಮೇಲೆ ಕೈಯಲ್ಲೇ ಕಿವುಚಿ, ಸಿಪ್ಪೆ ಗೊರಟೆ ತೆಗೆದು ಧಾರಾಳ ನೀರು ಬಿಡು. ಉಪ್ಪು ಸ್ವಲ್ಪ ಮುಂದಾಗಿಯೇ ಇರಲಿ. ಕೊಬ್ಬರಿ ಎಣ್ಣೇಲಿ ಸಾಸಿವೆ ಸಿಡಿಸಿ, ನುರಿದ ಸೂಜಿಮೆಣಸು, ಕರಿಬೇವು, ಕೊನೆಗೆ ಇಂಗು. ಒಗ್ಗರಣೆ ಚೊಂಯ್ ಅಂತ ಬಿದ್ದ ಕೂಡಲೇ ಮುಚ್ಚಿಡು, ಇಂಗಿನ ಪರಿಮಳ ಒಳಗೇ ಇಳೀಬೇಕು. ಆಮೇಲೆ ಲೋಟಕ್ಕೆ ಬಗ್ಗಿಸಿ ಕುಡಿ. ಮೊದಲ ಗುಟುಕಿಗೆ ಹುಬ್ಬು ಮೇಲೆ ಹೋಗುತ್ತೆ, ಮೂರನೇದಕ್ಕೆ ಗಂಟಲು ಬೆಚ್ಚಗಾಗುತ್ತೆ. ಊಟದ ಮೇಲೆ ಎರಡು ಲೋಟ ಇಳಿಸಿದರೆ ನಿದ್ದೆ ಎಳೆಯುತ್ತೆ ಅನ್ನೋದು ನಮ್ಮೂರಲ್ಲಿ ಎಲ್ಲರೂ ಹೇಳೋದೇ. ಮಾವು ಇಲ್ಲದ ಕಾಲಕ್ಕೆ ಕಂಚಿಹುಳಿ ಆದೀತು.

ಬಣ್ಣವೂ ಬೇಕು ಅಂದರೆ ಮುರುಗಲು, ಅದೇ ಕೋಕಂ. ಮಂಗಳೂರು ಸ್ಟೋರ್‌ಗಳಲ್ಲಿ ಪುನರ್ಪುಳಿ ಅಂತ ಕೇಳು. ಒಣ ಸಿಪ್ಪೆ ನೆನೆಸಿ ಹಿಂಡಿ, ಉಪ್ಪು, ಜೀರಿಗೆ ಪುಡಿ, ಸೀಳಿದ ಹಸಿಮೆಣಸು ಹಾಕಿ ಸೋಡಾ ಬೆರೆಸು. ಕಾಲಿರೋ ಗ್ಲಾಸಿಗೆ ಸುರಿದರೆ ಪಕ್ಕದವನು ವೈನ್ ಅಂದುಕೊಳ್ತಾನೆ. ಮಳೆಗಾಲಕ್ಕೆ ಕಾಳುಮೆಣಸು, ಜೀರಿಗೆ, ಕೊತ್ತಂಬರಿ ಹುರಿದು ಪುಡಿ ಮಾಡಿದ ಕಷಾಯ ಇದ್ದೇ ಇದೆ. ಏನೂ ಮಾಡೋಕಾಗದ ದಿನ ಪುತ್ತೂರಿನ ಬಿಂದು ಜೀರಾ ಒಂದು ಬಾಟಲಿ, ಜೊತೆಗೆ ಕಾಂಗ್ರೆಸ್ ಕಡ್ಲೆಬೀಜ.

ಮೋಸ ಹೋಗೋ ಜಾಗಗಳೂ ಇವೆ. ಆಲ್ಕೋಹಾಲ್ ಇಲ್ಲ ಅಂತ ಮಾರೋ ಕೆಲವು ಬಿಯರಿನಲ್ಲಿ 0.5 ಶೇಕಡಾದವರೆಗೆ ಇರಬಹುದು, ಲೇಬಲ್ ಓದು. ಅದಕ್ಕಿಂತ ಆ ವಾಸನೆಯೇ ಹಳೇ ಟೇಬಲ್ಲಿಗೆ ಕರೀತದೆ ಅನ್ನೋದು ನನ್ನ ಗುಮಾನಿ. ಆಯುರ್ವೇದದ ಆಸವ, ಅರಿಷ್ಟಗಳು ಹುದುಗಿಸಿದವೇ, ಅವುಗಳಲ್ಲೂ ಮದ್ಯಾಂಶ ಇರುತ್ತೆ. ನೀರಾ ಅಂತೂ ಬೆಳಿಗ್ಗೆ ನೀರಾ, ಬಿಸಿಲೇರಿದರೆ ಹೆಂಡ.

ಆದರೆ ಕುಡಿಯೋದು ಅರ್ಧ ಮಾತ್ರ. ನಿಜವಾದ ತಲೆನೋವು ಆ ಹೊತ್ತು: ಏಳರಿಂದ ಒಂಬತ್ತು. ಆಗ ಹೊಟ್ಟೆ ಹಸಿದಿರುತ್ತೆ, ಆಫೀಸಿನ ಸಿಟ್ಟು ಇಳಿದಿರೋದಿಲ್ಲ. ಆರೂವರೆಗೇ ಒಂದು ಮಸಾಲೆದೋಸೆ ತಿಂದುಬಿಡು. ನಗಬೇಡ, ತುಂಬಿದ ಹೊಟ್ಟೆ ಬಾರಿನ ದಾರಿ ಅಷ್ಟಾಗಿ ಹುಡುಕೋದಿಲ್ಲ. ಆಮೇಲೆ ಜೆ.ಪಿ. ನಗರದ ರಂಗಶಂಕರಕ್ಕೆ ಹೋಗು. 2004ರಲ್ಲಿ ಶುರುವಾದ ಜಾಗ, ಸಂಜೆಯ ನಾಟಕ ಏಳೂವರೆಗೆ, ತಡವಾದರೆ ಒಳಗೆ ಬಿಡೋದಿಲ್ಲ. ಆ ಕಟ್ಟುನಿಟ್ಟೇ ನಿನಗೆ ಬೇಕಾಗಿರೋದು. ಮಳೆಗಾಲದಲ್ಲಿ ನಮ್ಮ ಯಕ್ಷಗಾನ ಮೇಳಗಳು ರವೀಂದ್ರ ಕಲಾಕ್ಷೇತ್ರಕ್ಕೆ ಬಂದರೆ ರಾತ್ರಿಯಿಡೀ ಆಟ. ಚಂಡೆ ಪೆಟ್ಟಿಗೆ ಬರೋ ಅಮಲು ಬೆಳಿಗ್ಗೆ ತಲೆನೋವು ಕೊಡಲ್ಲ. ಉಳಿದ ದಿನ ಶಟಲ್ ಆಡು, ಕೇರಂ ಆಡು, ಎರಡೂ ಕೈಗೆ ಕೆಲಸ ಇರಲಿ. ಧ್ಯಾನ ಗೀನ ಬೇಡ, ಕಣ್ಣು ಮುಚ್ಚಿ ಕೂತರೆ ನಿನಗೆ ಕಾಣೋದು ಬಾಟಲಿಯೇ.

ಪಾರ್ಟಿಗೆ ಕರೆದರೆ ಹೋಗು. ಹೋದ ಕೂಡಲೇ ಲೈಮ್ ಸೋಡಾಕ್ಕೆ ಉಪ್ಪು ಹಾಕಿಸಿ ಕೈಯಲ್ಲಿ ಹಿಡ್ಕೋ. ಖಾಲಿ ಕೈ ಕಂಡರೆ ಒತ್ತಾಯ ಮಾಡ್ತಾರೆ, ಗ್ಲಾಸ್ ಕಂಡರೆ ಯಾರೂ ಕೇಳೋದಿಲ್ಲ. "ಒಂದೇ ಒಂದು ಹಾಕೋ" ಅನ್ನೋನಿಗೆ ಕಾರಣ ಕೊಡೋಕೆ ಹೋಗಬೇಡ, ಕಾರಣ ಕೊಟ್ಟರೆ ವಾದ ಬೆಳೆಯುತ್ತೆ. "ಬೆಳಿಗ್ಗೆ ಶಟಲ್ ಇದೆ" ಅನ್ನು, ಸಾಕು.

ಊರಿನಿಂದ ಬರೋರ ಕೈಲಿ ಮುರುಗಲು ಸಿಪ್ಪೆ, ಸೂಜಿಮೆಣಸು, ಒಂದು ಕಟ್ಟು ಕಷಾಯದ ಪುಡಿ ಕಳಿಸ್ತಿದ್ದೇನೆ. ಪುಡಿ ಆಯಿ ಮಾಡಿದ್ದು, ಮೆಣಸು ಜಾಸ್ತಿ ಇದೆ, ಲೋಟಕ್ಕೆ ಅರ್ಧ ಚಮಚೆ ಮೀರಬೇಡ. ಸ್ಟೀಲ್ ಡಬ್ಬಿ ವಾಪಸ್ ಕಳಿಸು, ಹಿಂದಿನದನ್ನೂ ನೀನೇ ಇಟ್ಕೊಂಡಿದ್ದೀಯ ಅಂತ ಆಯಿ ಲೆಕ್ಕ ಇಟ್ಟಿದ್ದಾಳೆ.

ಇಂತಿ ನಿನ್ನ
ಹಳೇ ರೂಮ್‌ಮೇಟ್